ಎರಡು ನಿಮಿಷದ ಬೊಂಡಾಸ

ಈ ಚೀಟಿಯನ್ನಾದರೂ ಅಕ್ಕ ಪೂರ್ತಿ ಓದುತ್ತಾಳೋ, ಇಲ್ಲ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದವಳು ಹಾಗೇ ಮಲಗಿಬಿಡುತ್ತಾಳೋ? ಅವಳು ಬೆಳಿಗ್ಗೆ ಎಂಟಕ್ಕೆ ಬರುವ ಹೊತ್ತಿಗೆ ಅವನು ಗ್ರಂಥಾಲಯದ ಕೆಲಸಕ್ಕೆ ಹೊರಟಿರುತ್ತಾನೆ; ಅವನು ಸಂಜೆ ಮರಳುವಷ್ಟರಲ್ಲಿ ಅವಳು ಹೋಗಿರುತ್ತಾಳೆ. ಮೂರು ತಿಂಗಳಿಂದ ಆ ಮನೆಯಲ್ಲಿ ಮಾತೆಲ್ಲ ಚೀಟಿಯಲ್ಲೇ. ಅವನು ಬರೆದ:

ಅಕ್ಕ,

ಮೀನು ಮಾರ್ಕೆಟ್ಟಿಂದ ಎರಡು ಜಾತಿ ಬೊಂಡಾಸ ತಂದಿದ್ದೀನಿ, ನಿಮ್ಮ ಆಸ್ಪತ್ರೆಯವರು ಸ್ಕ್ವಿಡ್ ಅಂತಾರಲ್ಲ, ಅದೇ. ದಪ್ಪ ಮಾಂಸದ ದೊಡ್ಡದನ್ನ ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಿಟ್ಟಿದ್ದೀನಿ. ಬಿಸಿ ಮಾಡ್ಕೊಂಡ್ರೆ ಸಾಕು. ಅದು ನಿನಗೋಸ್ಕರ ಕಾಯುತ್ತೆ.

ಬೆರಳುದ್ದದ ಸಣ್ಣವು ಫ್ರಿಜ್ಜಲ್ಲಿವೆ. ಶಾಯಿ ಚೀಲ ತೆಗೆದು ತೊಳೆದಿದ್ದೀನಿ. ಕಾದ ಬಾಣಲೆಯಲ್ಲಿ ಬೆಳ್ಳುಳ್ಳಿ ಜೊತೆ ಎರಡೇ ನಿಮಿಷ, ಇಳಿಸಿದ ಕೂಡಲೇ ತಿನ್ನಬೇಕು. ಇವಕ್ಕೆ ಕಾಯೋ ಸ್ವಭಾವ ಇಲ್ಲ. ಹೋದ ವಾರ ನಾನು ಏಳಕ್ಕೇ ಹುರಿದಿಟ್ಟು ಹೋಗಿದ್ದು ತಪ್ಪು, ನೀನು ಬರೋಷ್ಟರಲ್ಲಿ ರಬ್ಬರಾಗಿತ್ತು. "ಚಪ್ಪಲಿ ಚೆನ್ನಾಗಿತ್ತು, ಇನ್ನೊಂದು ಕಾಲಿಂದೂ ಕೊಡು ಮಾರಾಯ" ಅಂತ ಬರೆದಿಟ್ಟಿದ್ದೆಯಲ್ಲ, ಓದಿ ಒಬ್ಬನೇ ನಕ್ಕೆ.

ನಿದ್ದೆಗಣ್ಣಲ್ಲಿ ಒಲೆ ಹಚ್ಚಬೇಡ, ಮೊದಲು ಮುಖ ತೊಳಿ. ಬಾಲ್ಕನಿ ಬಾಗಿಲು ಹಾಕೋದನ್ನ ಈ ಸಲವೂ ಮರೀಬೇಡ, ನಿನಗೆ ಹೇಳಿ ಹೇಳಿ ಸಾಕಾಯ್ತು.

ಚೀಟಿಯ ಮೇಲೆ ಉಪ್ಪಿನ ಡಬ್ಬಿ ಇಟ್ಟು ಅವನು ಚಪ್ಪಲಿ ಮೆಟ್ಟಿದ. ಬಾಗಿಲವರೆಗೆ ಹೋಗಿ ವಾಪಸ್ ಬಂದ, ಪೆನ್ನು ಎತ್ತಿಕೊಂಡ, ಮತ್ತೆ ಜೇಬಿಗೆ ಹಾಕಿಕೊಂಡ. ನಾಳೆ ಇಬ್ಬರಿಗೂ ರಜೆ. ಮೂರು ತಿಂಗಳಲ್ಲಿ ಹಾಗೆ ಕೂಡಿಬಂದದ್ದು ಇದೇ ಮೊದಲು. ಸಣ್ಣವನ್ನು ಇವತ್ತು ಮುಟ್ಟಬೇಡ, ನಾಳೆ ಒಲೆಯ ಪಕ್ಕ ನಿಂತು ಇಬ್ಬರೂ ತಿನ್ನೋಣ ಎಂದು ಅವನು ಬರೆಯಲಿಲ್ಲ.