ಏರಿಸಿದ ತಂತಿಗಳು

ಅಪ್ಪ,

ನಿನ್ನ ಪಿಟೀಲನ್ನು ಆನ್‌ಲೈನ್ ಲಾಟರಿಗೆ ಇಟ್ಟೆ. ನೀನು ಕೊನೆಯ ದಿನಗಳನ್ನು ಕಳೆದ ಆರೈಕೆ ಮನೆಗೆ ಅದರಿಂದ ಹೊಸ ಹಾಸಿಗೆಗಳು ಬರುತ್ತವೆ. ಪಕ್ಕದ ಮನೆಯ ಎಫಿ ಐದು ಟಿಕೆಟ್ ಕೊಂಡು, "ನಂಗೆ ಬಂದ್ರೆ ನಿಂಗೇ ವಾಪಸ್ ಕೊಡ್ತೀನಿ ಕಣೆ" ಅಂದಿದ್ದಳು. ಬಂದಿದ್ದು ಹ್ಯಾಲಿಫ್ಯಾಕ್ಸ್‌ನಲ್ಲಿ ಮಕ್ಕಳಿಗೆ ಪಿಟೀಲು ಪಾಠ ಹೇಳುವ ಡೊರೀನ್‌ಗೆ.

ಇವತ್ತು ಆಕೆ ಫೋನ್ ಮಾಡಿದ್ದಳು. "ತುಂಬಾ ಚೆನ್ನಾಗಿದೆ ಕಣ್ರೀ. ದಪ್ಪ ತಂತಿ ಎರಡೂ ಶ್ರುತಿ ತಪ್ಪಿ ಏರಿದ್ವು, ಇಳಿಸಿ ಸರಿಮಾಡ್ದೆ."

ನಮ್ಮ ಕೇಪ್ ಬ್ರೆಟನ್ನಿನಲ್ಲಿ ಹಳೆಯ ಮಟ್ಟು ನುಡಿಸುವವರು ಆ ತಂತಿಗಳನ್ನು ಬೇಕೆಂದೇ ಏರಿಸುತ್ತಾರೆ. ಕೊನೆಯ ಸಲ ಆ ಬಿರಡೆ ತಿರುಗಿಸಿದ್ದು ನೀನು. ಎಂಟು ತಿಂಗಳಿಂದ ನಾನು ಪೆಟ್ಟಿಗೆ ತೆರೆದು ನೋಡುತ್ತಿದ್ದೆನೇ ಹೊರತು ಮುಟ್ಟಿರಲಿಲ್ಲ.

"ಒಳ್ಳೇದಾಯ್ತು ಬಿಡಿ" ಅಂದೆ.