ದಾರದ ಬಣ್ಣ

ಲಾಂಡ್ರಿಯ ಯಜಮಾನರಿಗೆ,

ನಾನು ಅಕ್ಕನ ಮನೆಯಲ್ಲಿ ಆರಾಮಾಗಿದ್ದೇನೆ. ನನ್ನನ್ನು ಕರೆತರಲು ನೀವು ಕಳಿಸಿದ ನಿಮ್ಮ ತಮ್ಮ ಊಟ ಮುಗಿಸಿ ಒಬ್ಬನೇ ಹೊರಟಿದ್ದಾನೆ. ಅವನ ಕೈಯಲ್ಲೇ ಈ ಕಾಗದ ಕೊಟ್ಟಿದ್ದೇನೆ.

ನಾನು ಇಲ್ಲಿಗೆ ಬಂದ ಮೇಲೆ ಅಂಗಡಿಯಲ್ಲಿ ಬಟ್ಟೆಗಳು ಅದಲುಬದಲಾಗುತ್ತಿವೆಯಂತೆ. ದಾರಗಳ ಅರ್ಥ ಇನ್ನೊಮ್ಮೆ ಬರೆಯುತ್ತೇನೆ, ಕೌಂಟರಿನ ಹಿಂದೆ ಗೋಡೆಗೆ ಅಂಟಿಸಿಕೊಳ್ಳಿ. ಬಟ್ಟೆಗೆ ಕೆಂಪು ದಾರ ಕಟ್ಟಿದ್ದರೆ ಅರ್ಜೆಂಟು. ಬಿಳಿಯಾದರೆ ಗಂಜಿ ಹಾಕಬೇಕು. ಹಳದಿ ಎಂದರೆ ಬಣ್ಣ ಬಿಡುವ ಬಟ್ಟೆ, ಬೇರೆಯಾಗಿ ತಣ್ಣೀರಿನಲ್ಲಿ ಒಗೆಯಬೇಕು. ಈ ಹಳದಿಯನ್ನೇ ನೀವು ನನಗೊಂದು ಮಾತೂ ಹೇಳದೆ ಬಿಸಿನೀರಿಗೆ ಎಂದು ಬದಲಾಯಿಸಿದ್ದು. ನಾನು ಹಳದಿ ಕಟ್ಟಿ ಕಳಿಸಿದ ಟೀಚರಮ್ಮನ ರೇಷ್ಮೆ ಶಾಲನ್ನು ಒಗೆಯುವವರು ಕುದಿಸಿಬಿಟ್ಟರು. ಆಗ ಟೀಚರಮ್ಮನ ಎದುರಿಗೇ ನೀವು, "ಇವಳಿಗೆ ಎಷ್ಟ್ ಹೇಳಿದ್ರೂ ತಲೆಗೆ ಹತ್ತಲ್ಲ" ಅಂದಿರಿ. ಎಷ್ಟೇನು, ಒಂದು ಸಲವೂ ಹೇಳಿರಲಿಲ್ಲ.

ಅದಿರಲಿ. ದೊಡ್ಡ ಇಸ್ತ್ರಿ ಪೆಟ್ಟಿಗೆಯ ವಯರು ಸವೆದಿದೆ. ಒದ್ದೆ ಕೈಯಲ್ಲಿ ಮುಟ್ಟಬೇಡಿ, ನಿಮಗೆ ಆ ಅಭ್ಯಾಸವಿದೆ.

ಉಳಿದದ್ದು ನೀಲಿ. ಬೆಲೆಬಾಳುವ ಬಟ್ಟೆಗೆ ಮಾತ್ರ ಅದನ್ನು ಕಟ್ಟುತ್ತೇವೆ. ಅದನ್ನು ಒಯ್ಯಲು ಬೇರೆ ಯಾರನ್ನೋ ಕಳಿಸಿದರೆ ಕೊಡುವುದಿಲ್ಲ, ಬಟ್ಟೆಯವರು ತಾವೇ ಖುದ್ದಾಗಿ ಬಂದು ಕೇಳಬೇಕು. ಈ ನಿಯಮ ಮಾಡಿದವರು ನೀವೇ, ಹಾಗಾಗಿ ನೆನಪಿರಬಹುದು.

ಈ ಕಾಗದಕ್ಕೆ ಸುತ್ತಿದ ದಾರವನ್ನು ಬಿಸಾಡುವ ಮುಂಚೆ ಅದರ ಬಣ್ಣ ನೋಡಿ.

ಇಂತಿ,
ತಲೆಗೆ ಏನೂ ಹತ್ತದವಳು