ಜಂಬಕ್ಕೊಂದು ಚೌಕ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಚಿನಕುರುಳಿಗೆ, ನಿನ್ನ ಸೋದರಮಾವ ಕೈಯೆತ್ತಿ ಮಾಡುವ ಆಶೀರ್ವಾದಗಳು.

ಮೊದಲಿಗೆ ಒಂದು ಮಾತು ತಿಳಿದಿರಲಿ. ಈ ಊರಿನ ಕರೆಂಟ್ ಕಚೇರಿ ನನ್ನನ್ನು ಕೇಳದೆ ಒಂದು ಬಲ್ಬನ್ನೂ ಉರಿಸುವುದಿಲ್ಲ. ದೊಡ್ಡ ಎಂಜಿನಿಯರ್ ಸ್ವತಃ ನನ್ನ ರಿಪೇರಿ ಅಂಗಡಿಗೆ ಬಂದು, "ಗುರುಗಳೇ, ಇವತ್ತು ಎಷ್ಟು ಕರೆಂಟ್ ಬಿಡೋಣ?" ಅಂತ ಕೈಕಟ್ಟಿ ನಿಲ್ಲುತ್ತಾನೆ. ಅಂಥ ನನ್ನನ್ನು ನಿನ್ನ ಪಿಎಚ್‌ಡಿಗೆ ಮೊದಲನೆಯ ಸಾಕ್ಷಿಯಾಗಿ ಆರಿಸಿದ್ದೀಯ. ಬುದ್ಧಿವಂತೆ. ಏಳನೇ ಕ್ಲಾಸಿನ ಮೇಷ್ಟ್ರು ಕಿವಿ ಹಿಂಡಿ ಹೊರಗೆ ಹಾಕಿದಾಗಲೇ ಹೇಳಿದ್ದೆ, ಒಂದು ದಿನ ಯೂನಿವರ್ಸಿಟಿಯೇ ನನ್ನನ್ನು ಹುಡುಕಿಕೊಂಡು ಬರುತ್ತದೆ ಅಂತ.

ನೀನು ಕಳಿಸಿದ ಪ್ರಶ್ನೆಪಟ್ಟಿ ಓದಿದೆ. ಬಡವರ ಮನೆಗೆ ಸರ್ಕಾರ ಕೊಡುವ ಕರೆಂಟ್ ನೆರವು, ಅರ್ಹತೆ ಇದ್ದವರಿಗೂ ಯಾಕೆ ಸಿಗುವುದಿಲ್ಲ? ಒಳ್ಳೆಯ ಪ್ರಶ್ನೆ. ಇದನ್ನು ಕೇಳುತ್ತ ತಿರುಗುವುದಕ್ಕೆ ನಿನಗೆ ಮೂರು ವರ್ಷ ದುಡ್ಡು ಕೊಡುತ್ತಾರೆ ಅನ್ನುವುದು ಇನ್ನೂ ಒಳ್ಳೆಯದು. ಉತ್ತರಕ್ಕೆ ಗುರುತು ಹಾಕಲು ಚೌಕಗಳನ್ನೂ ಕೊಟ್ಟಿದ್ದೀರಿ: ಮಾಹಿತಿ ಇರಲಿಲ್ಲ, ಕಾಗದಪತ್ರ ಇರಲಿಲ್ಲ, ಕಚೇರಿ ದೂರ, ಕೇಳಲು ನಾಚಿಕೆ. ಎಲ್ಲ ಸರಿ. ಜಂಬಕ್ಕೆ ಮಾತ್ರ ಚೌಕವಿಲ್ಲ. ನಿಮ್ಮ ಪ್ರೊಫೆಸರಿಗೆ ಹೇಳಿ ಒಂದು ಹಾಕಿಸು.

ನಿನ್ನಮ್ಮ ಚೆನ್ನಾಗಿದ್ದಾಳೆ. ಸಂಜೆ ಫೋನ್ ಮಾಡಬೇಡ ಅಂದಳೆಂದು ಬೇಜಾರು ಮಾಡಿಕೊಂಡಿದ್ದೀಯಲ್ಲ, ಅವಳಿಗೆ ಯೂನಿಫಾರಂ ಹೊಲಿಗೆ ಜಾಸ್ತಿ, ಅಷ್ಟೇ. ಸ್ವಲ್ಪ ಕೆಮ್ಮಿದೆ. ಈ ಸಲ ಚಳಿ ಜೋರು. ಹೀಟರ್ ಚೆನ್ನಾಗಿಯೇ ಇದೆ, ನಾನು ರಿಪೇರಿ ಮಾಡಿದ್ದು ಕೆಡುತ್ತದೆಯೇ? ಈಗ ಅದರ ಮೇಲೆ ಬಟ್ಟೆ ಹಾಸಿ ಗುಂಡಿ ಡಬ್ಬ ಇಟ್ಟುಕೊಂಡಿದ್ದಾಳೆ. ನಿನಗೊಂದು ಉಣ್ಣೆ ಕೋಟು ಕಳಿಸೋಣವೆಂದಿದ್ದೆ, ಆದರೆ ಈ ವರ್ಷ ನನಗೆ ಲಕ್ಷಗಟ್ಟಲೆ ನಷ್ಟವಾಗಿ ಕೈ ಬಿಗಿಯಾಗಿದೆ. ದೊಡ್ಡವರಿಗೆ ದೊಡ್ಡ ನಷ್ಟ.

ಸರಿ, ಸಾಕ್ಷಿ ಹೇಳುತ್ತೇನೆ, ಬರೆದುಕೋ.

ನಿನಗೆ ಸೀಟು ಸಿಕ್ಕ ವಾರ ಮೀಟರ್ ಓದುವವನು ಅಂಗಡಿಗೆ ಬಂದ. ನೆರವು ಪಡೆಯುವ ನಮ್ಮಂಥ ಮನೆಗಳನ್ನು ವರ್ಷಕ್ಕೊಮ್ಮೆ ವಿಚಾರಿಸುವ ಕೆಲಸವೂ ಅವನದೇ. "ಏನ್ ಯಜಮಾನ್ರೆ, ಮನೇಲಿ ಹೊಸದಾಗಿ ಯಾರಾದ್ರೂ ದುಡೀತಿದಾರಾ?" ಅಂದ. "ದುಡಿಯೋದೇನು, ನಮ್ಮ ಹುಡುಗಿ ಬರೀ ಓದೋದಕ್ಕೇ ದುಡ್ಡು ತಗೋತಾಳೆ ಕಣಯ್ಯಾ! ನಿಮ್ಮ ಸಾಹೇಬನಿಗೂ ಅಷ್ಟು ಬರಲ್ಲ" ಅಂದೆ. ಎಷ್ಟು ಅಂತ ಕೇಳಿದ. ನಿನ್ನ ಸ್ಟೈಪೆಂಡನ್ನು ಮೂರು ಪಟ್ಟು ಮಾಡಿ ಹೇಳಿದೆ. ಪಕ್ಕದ ಕ್ಷೌರದಂಗಡಿಯವನು ಕಿವಿ ನೆಟ್ಟಗೆ ಮಾಡಿ ಕೂತಿದ್ದ, ಕಡಿಮೆ ಹೇಳಲು ಬಾಯಿ ಬರಲಿಲ್ಲ. "ಅವಳ ಹೆಸರು ಇನ್ನೂ ನಿಮ್ಮ ಮನೆ ಕಾರ್ಡಲ್ಲೇ ಇದೆಯಾ?" ಅಂದ. "ಮತ್ತೆ? ಮನೆಮಗಳನ್ನ ಬೀದಿಗೆ ಬಿಡ್ತೀವಾ?" ಅಂದು ಟೀ ಕೂಡ ಕುಡಿಸಿದೆ. ಕುಡಿಯುತ್ತಲೇ ಬರೆದುಕೊಂಡ. ಮುಂದಿನ ಬಿಲ್ಲಿನಲ್ಲಿ ನೆರವು ಇರಲಿಲ್ಲ.

ಕಚೇರಿಗೆ ಓಡಿದೆ. ಕಿಟಕಿಯಾಚೆ ಕೂತ ಹೆಣ್ಣುಮಗಳಿಗೆ, "ಅಮ್ಮಾ, ಆವತ್ತು ಹೇಳಿದ್ದು ಸುಳ್ಳು" ಅಂದೆ. "ಆವತ್ತು ಸುಳ್ಳು ಹೇಳಿದ್ರೋ, ಇವತ್ತು ಹೇಳ್ತಿದೀರೋ?" ಅಂದಳು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ? ನಿಜವಾದ ಮೊತ್ತ ಹೇಳಿದರೆ ಅದೂ ಆದಾಯದ ಮಿತಿ ದಾಟುತ್ತದಂತೆ. ಹಾಸ್ಟೆಲಿಗೆ, ಊಟಕ್ಕೆ ಕಟ್ಟಿ ನಿನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ ಅಂದೆ. ಹಾಗಾದರೆ ಅವಳು ನಮ್ಮ ಮನೆಯವಳಲ್ಲ ಅಂತ ತಾಯಿ ಬರೆದುಕೊಡಲಿ, ಹೆಸರು ತೆಗೆದು ನೆರವು ಕೊಡುತ್ತೇವೆ ಅಂದಳು.

ನಿನ್ನಮ್ಮ ಪೆನ್ನು ಮುಟ್ಟಲಿಲ್ಲ. "ಕತ್ತಲಲ್ಲೇ ಸಾಯ್ತೀನಿ ಬೇಕಾದ್ರೆ, ನನ್ನ ಮಗಳು ನನ್ನ ಮನೆಯವಳಲ್ಲ ಅಂತ ನನ್ನ ಕೈಯಲ್ಲಿ ಬರೆಸ್ಬೇಡ" ಅಂದಳು. ಅಷ್ಟಕ್ಕೇ ಬಿಡಲಿಲ್ಲ. "ನಿನ್ನ ಬಾಯಿಗೊಂದು ಮೀಟರ್ ಇಟ್ಟಿದ್ರೆ ಊರಿನ ಬಿಲ್ಲೆಲ್ಲ ನಮ್ಮನೆಗೇ ಬರ್ತಿತ್ತು" ಅಂದಳು. ನಿನಗೆ ಗೊತ್ತಾದರೆ ಓದು ಬಿಟ್ಟು ಬಂದುಬಿಡುತ್ತೀಯ ಅಂತ, ಬಾಯಿ ಬಿಡುವುದಿಲ್ಲವೆಂದು ನನ್ನಿಂದ ಆಣೆ ಹಾಕಿಸಿಕೊಂಡಳು. ಈಗ ಅದನ್ನೇ ಮುರಿಯುತ್ತಿದ್ದೇನೆ.

ಓದು ಬಿಡಬೇಡ. ಬಿಟ್ಟರೆ ನಾನು ಕೊಚ್ಚಿಕೊಂಡದ್ದೆಲ್ಲ ದಂಡ. ಮತ್ತೊಮ್ಮೆ ಹೋಗಿ ವಿಚಾರಿಸಿದೆ. ವಯಸ್ಸಿಗೆ ಬಂದ ಮಗಳು ತಾನೇ ಬರೆದುಕೊಟ್ಟರೂ ನಡೆಯುತ್ತದೆ, ತಾಯಿಯ ಸಹಿ ಬೇಡವಂತೆ. ಹಾಸ್ಟೆಲ್ ವಿಳಾಸ ಹಾಕಿ, 'ಆ ಮನೆಗೂ ನನಗೂ ಸಂಬಂಧವಿಲ್ಲ' ಅಂತ ಬರೆ. ಹಾಗೆಯೇ ಬರೆಯಬೇಕಂತೆ, ಮೆತ್ತಗೆ ಬರೆದರೆ ವಾಪಸು ಬರುತ್ತದಂತೆ. ಒಂದೊಂದು ಅಕ್ಷರಕ್ಕೂ ನನ್ನನ್ನು ಬೈದುಕೋ. ಅಂಗಡಿ ವಿಳಾಸಕ್ಕೆ ಕಳಿಸು, ಮನೆಗಲ್ಲ. ಮುಂದೊಂದು ದಿನ ನಿನ್ನಮ್ಮನಿಗೆ ಗೊತ್ತಾದರೆ, ನಿನ್ನ ಸಹಿ ನಾನೇ ಕದ್ದು ಹಾಕಿದೆ ಅನ್ನುತ್ತೇನೆ. ನನ್ನ ಆ ಒಂದು ಸುಳ್ಳನ್ನಾದರೂ ಅವಳು ನಂಬುತ್ತಾಳೆ.

ಇತಿ ನಿನ್ನ ಮಾವ,
ಮೊದಲನೆಯ ಸಾಕ್ಷಿ

ಮುಚ್ಚಿಟ್ಟ ಮಾತು: ನಿನ್ನಮ್ಮ ಸಂಜೆ ಫೋನ್ ಬೇಡ ಅನ್ನುವುದು ಕೆಲಸ ಜಾಸ್ತಿ ಅಂತಲ್ಲ. ಮನೆಯ ದೀಪ ಆರಿಸಿ, ಮೆಷಿನ್ ಹೊರಗೆಳೆದು, ಮೆಟ್ಟಿಲ ಹತ್ತಿರ ಮನೆ ಓನರ್ ಹಾಕಿಸಿರುವ ದೀಪದ ಕೆಳಗೆ ಹೊಲಿಯುತ್ತಾಳೆ. ಹತ್ತುವವರಿಗೂ ಇಳಿಯುವವರಿಗೂ ಸ್ಟೂಲು ಸರಿಸಿ ದಾರಿ ಬಿಡಬೇಕು. ಫೋನ್ ಎತ್ತಿದರೆ ಆ ಸದ್ದು, ಜನರ ಗೊಣಗಾಟ ನಿನಗೆ ಕೇಳಿಸಿಬಿಡುತ್ತದೆ. ಲಕ್ಷಗಟ್ಟಲೆ ನಷ್ಟ ಅಂದೆನಲ್ಲ, ಅದು ಈ ನೆರವಿನದೇ. ತಿಂಗಳಿಗೆ ಮುನ್ನೂರ ನಲವತ್ತು ರೂಪಾಯಿ.